ಜೆಪ್ಪುವಿನ ಪೈಂಟರನ ಪೇಚಾಟಗಳು

ಊರಿಗೆ ಉಪಕಾರವಾಗಲಿ ಎಂದು ನಾನು ಕುಂಚ ಹಿಡಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಬಣ್ಣ ಒಣಗುವ ಮೊದಲೇ ಸುದ್ದಿ ಜೆಪ್ಪುವಿನಿಂದ ಉರ್ವದವರೆಗೆ ಮುಟ್ಟಿರುತ್ತಿತ್ತು.

ಹೆಂಚಿನ ಮೇಲಿನ ಮುಖ

ನಾನು ಚಿತ್ರ ಕಲಿತದ್ದು ಶಾಲೆಯಲ್ಲಲ್ಲ, ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ. ಅಪ್ಪನ ಹಾಗೆ ನಾನೂ ಅಲ್ಲಿ ಮಣ್ಣಿನ ಕೆಲಸಕ್ಕೆ ಸೇರಿದ್ದೆ. ಒಂದು ದಿನ ಹಸಿ ಹೆಂಚಿನ ಮೇಲೆ ಮೊಳೆಯಿಂದ ನಮ್ಮ ಮೇಸ್ತ್ರಿಯ ಮುಖ ಗೀಚಿದೆ. ಅಳಿಸುವ ಮೊದಲೇ ಅದು ಸುಡಲು ಹೋಗಿ, ಕೆಂಪಾಗಿ, ಗಟ್ಟಿಯಾಗಿ ಹೊರಗೆ ಬಂತು.

ಮೇಸ್ತ್ರಿ ಅದನ್ನು ಎತ್ತಿ ಹಿಡಿದು ಗುಡುಗಿದರು. "ಇದು ನನ್ನ ಮುಖವಾ? ಹೇಳಿ!"

ಕೆಲಸ ಹೋಯಿತೆಂದೇ ನಾನು ಅಂದುಕೊಂಡೆ. ಹೆಂಚು ಹೊರುವ ಅಕ್ಕ ಒಬ್ಬಳು ನನ್ನನ್ನು ಉಳಿಸಲು ಮುಂದೆ ಬಂದಳು.

"ಅಲ್ಲವೇ ಅಲ್ಲ ಮೇಸ್ತ್ರಿಗಳೇ. ನಿಮ್ಮ ಮೂಗು ಇದಕ್ಕಿಂತ ಎಷ್ಟೋ ದೊಡ್ಡ ಉಂಟು!"

ಮರುದಿನದಿಂದ ನಾನು ಬೋರ್ಡು ಬರೆಯುವವರೊಬ್ಬರ ಬಳಿ ಕೆಲಸಕ್ಕೆ ಹೋದೆ.

ಚಿತ್ರದ ಸೂಜಿ

ಒಂದು ವರ್ಷ ಕಾಲರಾ ಬಂತು. ಚುಚ್ಚುಮದ್ದಿಗೆ ಹೆದರಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚುಚ್ಚಲು ಬಂದ ಸರಕಾರಿ ಡಾಕ್ಟರರು ನನ್ನನ್ನು ಕರೆಸಿ, "ಹೆದರಿಕೆ ಬಿಡಿಸುವ ಹಾಗೆ ಒಂದು ಚಿತ್ರ ಬರೆದುಕೊಡು ಮಾರಾಯ" ಎಂದರು. ಬಟ್ಟೆಯ ಮೇಲೆ ಬರೆದೆ: ಹೆಂಗಸೊಬ್ಬಳು ನಗುತ್ತಾ ತೋಳು ಕೊಟ್ಟಿದ್ದಾಳೆ, ಸೂಜಿ ಕೂದಲೆಳೆಯಷ್ಟು ಸಪುರ.

ಅದನ್ನು ಕುಲಶೇಖರದಲ್ಲಿ ಕಟ್ಟಿದ್ದೇ ತಡ, ಜನ ಚುಚ್ಚುಮದ್ದಿಗೆ ಸಾಲುಗಟ್ಟಿದರು. ಮೊದಲು ಬಂದ ಕೊಂಕಣಿ ಅಜ್ಜಿ ಡಾಕ್ಟರರ ಕೈಯ ಸೂಜಿ ನೋಡಿದ್ದೇ ತೋಳು ಹಿಂದೆಳೆದರು.

"ಇದು ಬೇಡ ಡಾಕ್ಟ್ರೇ. ಚಿತ್ರದಲ್ಲಿ ಉಂಟಲ್ಲ, ಅದನ್ನು ತನ್ನಿ."

"ಅಂಥ ಸೂಜಿ ಇಲ್ಲ ಬಾಯಮ್ಮ."

"ಹಾಗಾದ್ರೆ ಚುಚ್ಚಿ. ಆದ್ರೆ ನಗ್ಲಿಕ್ಕೆ ಮಾತ್ರ ಹೇಳ್ಬೇಡಿ."

ಅಜ್ಜಿಯ ಹಿಂದಿದ್ದವರೆಲ್ಲ ಚುಚ್ಚಿಸಿಕೊಂಡರು. ಒಬ್ಬರೂ ನಗಲಿಲ್ಲ.

ಬೆರಳು ತೋರಿಸಿದ ಮನೆ

ಮುಂದೆ ಉರ್ವದಲ್ಲಿ ಒಂದು ಧರ್ಮಾಸ್ಪತ್ರೆ ತೆರೆಯಿತು. ಓದಲು ಬಾರದವರಿಗೂ ದಾರಿ ತಿಳಿಯಲೆಂದು ಹಲಗೆಯಲ್ಲಿ ಬೆರಳು ತೋರಿಸುವ ಕೈಯನ್ನೂ, ಪಕ್ಕದಲ್ಲಿ ನಾಲಗೆ ಚಾಚಿದ ರೋಗಿಯನ್ನೂ ಬರೆದೆ. ಹಲಗೆಗೆ ಮೊಳೆ ಹೊಡೆದದ್ದೂ ನಾನೇ. ಆದರೆ ರಸ್ತೆಯ ಆಚೆ ಬದಿಯ ಮರಕ್ಕೆ ಹೊಡೆದುಬಿಟ್ಟೆ! ಬೆರಳು ಆಸ್ಪತ್ರೆಯನ್ನು ಬಿಟ್ಟು ಎದುರು ದಿಕ್ಕಿನ ವಕೀಲರ ಮನೆಯನ್ನು ತೋರಿಸುತ್ತಿತ್ತು.

ಮಧ್ಯಾಹ್ನ ವಕೀಲರು ಕೆಂಡವಾಗಿ ಬಂದರು.

"ಬೆಳಿಗ್ಗೆಯಿಂದ ಒಬ್ಬೊಬ್ಬರೇ ನನ್ನ ಜಗಲಿಗೆ ಬಂದು ಕೂತು ನಾಲಗೆ ತೋರಿಸ್ತಾರೆ! ನಿನ್ನೆ ಕೇಸು ಸೋತದ್ದು ಹೌದು. ಅದಕ್ಕೆ ಇಡೀ ಊರು ಅಣಕಿಸುವುದು ಎಂತಕ್ಕೆ?"

ವಿಷಯ ತಿಳಿದು ಓಡಿ ಹೋಗಿ ಹಲಗೆ ಸರಿ ಮಾಡಿದೆ. ಅಷ್ಟರಲ್ಲಿ ಬಂದವರ ನರಳಾಟ ನೋಡಲಾಗದೆ ವಕೀಲರ ಹೆಂಡತಿ ಎಲ್ಲರಿಗೂ ಶುಂಠಿ ಕಷಾಯ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಹೋದರೆ ಜಗಲಿಯಲ್ಲಿ ಒಬ್ಬ ಮುದುಕ ಕೂತಿದ್ದಾನೆ, ಪಕ್ಕದಲ್ಲಿ ಅವನ ಹೆಂಡತಿ. "ಆಸ್ಪತ್ರೆ ಆಚೆ ಉಂಟು ಅಜ್ಜ" ಎಂದೆ.

"ಅದು ನನಗೆ ಗೊತ್ತುಂಟು. ಆದ್ರೆ ನನ್ನ ಹೊಟ್ಟೆನೋವು ಹೋದದ್ದು ಇಲ್ಲಿಯ ಮದ್ದಿನಲ್ಲಿ. ಇವತ್ತು ಇವಳನ್ನೂ ಕರ್ಕೊಂಡು ಬಂದೆ."

ಕರಿ ಕೋಟು ಹಾಕಿ ಕೋರ್ಟಿಗೆ ಹೊರಟಿದ್ದ ವಕೀಲರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿದರು. ಒಳಗೆ ತಿರುಗಿ "ಕಷಾಯ ಇಡು ಮಾರಾಯ್ತಿ" ಎಂದು ಕೂಗಿದರು. ಆಮೇಲೆ ಮುದುಕಿಯ ಎದುರು ಕುಕ್ಕರಿಸಿ ಕೂತು ನಿಟ್ಟುಸಿರು ಬಿಟ್ಟರು.

"ಎಲ್ಲಿ, ನಾಲಗೆ ತೋರಿಸಮ್ಮ."