ಹುಣಸೇ ಚೇಗಿನ ಸ್ಟಾಕು

"ಈ ಸಲದ ಪಂದ್ಯದ ಕಪ್ಪು ನಮ್ಮನೆಗೇ! ಬರದಿದ್ರೆ ನನ್ನ ಹೆಸರು ಯೋಗನರಸಿಂಹ ಅಲ್ಲ!"

ಪ್ಲೀಡರ್ ಯೋಗನರಸಿಂಹ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಜಗಲಿಯ ಮೇಲೆ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಎಣ್ಣೆಬಟ್ಟೆ ಹಿಡಿದು. ಹೆಂಡತಿ ಕೌಸಲ್ಯಮ್ಮ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಹೋದ ವರ್ಷಾನೇ ಬೇರೆ ಹೆಸರು ಹುಡುಕ್ಕೋಬೇಕಾಗಿತ್ತು" ಎಂದಳು, ತಲೆ ಎತ್ತದೆ.

ಚೀನಾ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಆಗಿನ ತುಮಕೂರು ಸೈಕಲ್ಲು, ಜಟಕಾಗಳ ಊರು. ಯಾರ ಮನೆಯ ಸಾರಿಗೆ ಒಗ್ಗರಣೆ ಬಿದ್ದರೂ ಇಡೀ ಬೀದಿಗೆ ಗೊತ್ತಾಗುತ್ತಿದ್ದ ಕಾಲ. ದೇಶ ಕಾಯಲು ಎಲ್ಲರೂ ಗುರಿ ಕಲಿಯಬೇಕೆಂಬ ಹುರುಪಿನಲ್ಲಿ ಊರಿನ ದೊಡ್ಡಮನುಷ್ಯರು ಗೂಳೂರು ದಾರಿಯ ಬಂಡೆಯ ಮಗ್ಗುಲಲ್ಲಿ ಒಂದು ರೈಫಲ್ ಕ್ಲಬ್ಬು ಶುರುಮಾಡಿದ್ದರು. ಬೋರಲು ಮಲಗಿ ಹೊಡೆಯಬೇಕೆಂಬುದು ನಿಯಮ. ಆದರೆ ದೊಡ್ಡಮನುಷ್ಯರು ಬೋರಲು ಮಲಗಿದರೆ ನೆಲಕ್ಕೆ ತಾಗುತ್ತಿದ್ದುದು ಹೊಟ್ಟೆ ಮಾತ್ರ. ಕೈಕಾಲು ಗಾಳಿಯಲ್ಲಿ ಈಜುತ್ತಿದ್ದವು! ಹಾಗಾಗಿ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಬಂದೂಕು ಒರಗಿಸಿ ಹೊಡೆಯುವ ಪಂದ್ಯ ಜಾರಿಗೆ ಬಂತು. ಬಂದೂಕೂ ಅಂಥ ರಾಕ್ಷಸ ಗಾತ್ರದ್ದೇನಲ್ಲ. ಟೂ-ಟೂ ರೈಫಲ್ಲು, ಗುಂಡು ಕಡಲೇಕಾಳಿನಷ್ಟು.

ಹಿಂದಿನ ವಿಜಯದಶಮಿಯ ಪಂದ್ಯದಲ್ಲಿ ಕಪ್ಪು ಹೊಡೆದವನು ಗುಬ್ಬಿಯ ಕೊಬ್ಬರಿ ಮಂಡಿಯ ವೀರಭದ್ರಯ್ಯ. ತಾನು ಸೋತದ್ದೇಕೆಂದು ಯೋಗನರಸಿಂಹ ವರ್ಷವಿಡೀ ವಿಚಾರಣೆ ನಡೆಸಿ ತೀರ್ಪು ಕೊಟ್ಟಿದ್ದ. ತಪ್ಪು ತನ್ನ ಕಣ್ಣಿನದಲ್ಲ, ಕೈಯದಲ್ಲ. ನಳಿಕೆ ಕೂತಿರುವ ಮರದ್ದು! ಕ್ಲಬ್ಬಿನವರು ಅದಕ್ಕೆ ಸ್ಟಾಕು ಎನ್ನುತ್ತಿದ್ದರು.

"ಹಗುರ ಕಣೇ ಇದು. ಬಂದೂಕಿನ ಕುದುರೆ ಎಳೆದ ತಕ್ಷಣ ಚೀಲದ ಮೇಲೆ ಕುಪ್ಪಳಿಸುತ್ತೆ. ಭಾರವಾದ ಸ್ಟಾಕು ಹಾಕಿಸಿದ್ರೆ ಬಂಡೆ ಥರ ಕೂತಿರುತ್ತೆ."

"ಅಷ್ಟು ಭಾರ ಬೇಕಾದ್ರೆ ನಮ್ಮ ಒರಳುಕಲ್ಲಿಗೇ ನಳಿಕೆ ಕೂರಿಸ್ಕೊಳ್ಳಿ. ಹೇಗೂ ರುಬ್ಬೋ ಗುಂಡು ಅದರಲ್ಲೇ ಇದೆ, ಅದೂ ಹಾರ್ಲಿ."

ಹೆಂಗಸರಿಗೆ ಶಸ್ತ್ರವಿದ್ಯೆಯ ಸೂಕ್ಷ್ಮ ತಿಳಿಯದೆಂದು ಅವನು ಮರ ಹುಡುಕಲು ಹೊರಟ. ಆದರೆ ಯಾವ ಮರ? ತೇಗ ನೋಡಿದ, ಹಗುರ. ಹಲಸು ನೋಡಿದ, ವೀಣೆಗೆ ಸರಿ. ಬೀಟೆ ಭಾರವೇನೋ ಹೌದು, ಆದರೆ ಅದಕ್ಕೆ ಅರಣ್ಯ ಇಲಾಖೆಯ ಪರ್ಮಿಟ್ಟು ಸಿಗುವಷ್ಟರಲ್ಲಿ ಚೀನಾದವರು ಮತ್ತೊಮ್ಮೆ ಬಂದು ಹೋಗಿರುತ್ತಿದ್ದರು! ಕೊನೆಗೆ ಯಾರೋ ಗುಬ್ಬಿಯಲ್ಲಿ ಗಾಡಿ ಕೆಲಸ ಮಾಡುವ ಅಡವಿಯಪ್ಪಾಚಾರಿಯ ಹೆಸರು ಹೇಳಿದರು.

ಅಡವಿಯಪ್ಪನ ಕೊಟ್ಟಿಗೆಯಲ್ಲಿ ಮರದ ತುಂಡುಗಳದೇ ಒಂದು ಸಂತೆ. ಪ್ಲೀಡರು ಒಂದೊಂದನ್ನೂ ಎತ್ತಿ, ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತ ಬಂದ. ಮೂಲೆಯಲ್ಲಿ ಕಪ್ಪಗೆ ಮಿರುಗುತ್ತಿದ್ದ ಒಂದು ಕೊರಡಿಗೆ ಕೈ ಹಾಕಿದ. ಅಲುಗಲಿಲ್ಲ. ಎರಡು ಕೈ ಹಾಕಿದ. ಸೊಂಟ ಚಟ್ ಎಂದಿತು. ಮುಖ ಅರಳಿತು.

"ಇದು ಯಾವ ಮರ ಅಡವಿಯಪ್ಪ?"

"ಹುಣಸೇ ಚೇಗು ಸ್ವಾಮಿ, ಮರದೊಳಗಿನ ಗಟ್ಟಿ ತಿರುಳು. ಕುಣಿಗಲ್‌ನಾಗೆ ಒಂದಂಗ್ಡೀಲಿ ಇತ್ತು. ವರ್ಷಾನುಗಟ್ಲೆ ಪೆಟ್ಟು ತಿಂದು ಹದವಾಗೈತೆ. ಹುಳ ಹತ್ತಕಿಲ್ಲ, ಬಿರುಕು ಬುಡಕಿಲ್ಲ. ಮಾಲು ಅಂದ್ರೆ ಇದು!"

"ಎಂಥಾ ಅಂಗಡಿ?" ಎಂದು ಒಂದು ಮಾತು ಕೇಳಬಹುದಿತ್ತು. ಕೋರ್ಟಿನಲ್ಲಿ ಸಾಕ್ಷಿಗಳ ಅಜ್ಜ ಮುತ್ತಜ್ಜರನ್ನೂ ಬಿಡದೆ ಕೇಳುವ ಯೋಗನರಸಿಂಹ ಅಂದು ಕೇಳಲಿಲ್ಲ. ಕಣ್ಣಮುಂದೆ ಕಪ್ಪು ಹೊಳೆಯುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಸ್ಟಾಕು ಸಿದ್ಧವಾಯಿತು. ಬಂದೂಕನ್ನು ಗೋಣಿಯಲ್ಲಿ ಸುತ್ತಿ ಗುಬ್ಬಿಯಿಂದ ಬಸ್ಸಿನಲ್ಲಿ ತಂದ. ತೊಡೆಯ ಮೇಲಿಟ್ಟುಕೊಂಡು ಬಂದದ್ದರಿಂದ ತುಮಕೂರಿನಲ್ಲಿ ಇಳಿಯುವ ಹೊತ್ತಿಗೆ ಎರಡು ಕಾಲೂ ಜೋಮು ಹಿಡಿದಿದ್ದವು. ಕುಂಟುತ್ತ ನಡೆಯುವಾಗ ತಿರುಗಿ ನೋಡಿದರೆ ಹಿಂದೊಂದು ನಾಯಿ. ಮುಂದಿನ ತಿರುವಿನಲ್ಲಿ ಮತ್ತೊಂದು. ಮನೆ ಸೇರುವ ಹೊತ್ತಿಗೆ ನಾಲ್ಕು! ಬೊಗಳಲಿಲ್ಲ, ಕಚ್ಚಲಿಲ್ಲ. ಬಾಲ ಅಲ್ಲಾಡಿಸುತ್ತ ಮದುವೆ ದಿಬ್ಬಣದವರ ಹಾಗೆ ಬಂದವು. ಬೇಟೆಗಾರನನ್ನು ಕಂಡರೆ ಪ್ರಾಣಿಗಳಿಗೆ ತಾನಾಗಿಯೇ ತಿಳಿಯುತ್ತದೆಂದು ಅವನು ಎದೆ ಉಬ್ಬಿಸಿದ.

ಮಾರನೆಯ ದಿನ ತಾಯಿ ಪದ್ಮಮ್ಮನವರು ಬಂದೂಕನ್ನು ದೇವರ ಮುಂದಿಟ್ಟು ಪೂಜೆ ಮಾಡಿದರು. ಪದ್ಮಮ್ಮನವರ ಮಡಿ ಎಂದರೆ ಇಡೀ ಬೀದಿಗೆ ಭಯ. ಒಗೆದು ಹರವಿದ ಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ಒಗೆಸುವ ಹೆಂಗಸು. ಸ್ಟಾಕಿನ ಉದ್ದಕ್ಕೂ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದರು. ಆರತಿಯ ಬಿಸಿ ತಾಗಿದ್ದೇ ತಡ, ಬಾಗಿಲಾಚೆ ನಾಲ್ಕು ನಾಯಿಗಳೂ ಆಕಾಶಕ್ಕೆ ಮುಖವೆತ್ತಿ ಒಟ್ಟಿಗೆ ಊಳಿಟ್ಟವು.

ಕೌಸಲ್ಯಮ್ಮ ಕೋಲು ಹುಡುಕಿದಳು. ಪದ್ಮಮ್ಮನವರು ತಡೆದರು. ಅವರ ಕಣ್ಣಲ್ಲಿ ನೀರಿತ್ತು.

"ಹೊಡೀಬೇಡ್ವೇ! ಸರಿಯಾಗಿ ಎಣಿಸು. ನಾಲ್ಕು! ದತ್ತಾತ್ರೇಯನ ಜೊತೆ ಇರೋ ನಾಲ್ಕು ವೇದ ಕಣೇ ಅವು. ಮನೆಬಾಗ್ಲಿಗೆ ಬಂದಿವೆ!"

ಆಗಿನ ಕಾಲಕ್ಕೆ ಇಂಥ ಸುದ್ದಿಗೆ ಫೋನು ಬೇಕಿರಲಿಲ್ಲ. ಅರ್ಧ ಗಂಟೆಯಲ್ಲಿ ಬೀದಿಯ ಹೆಂಗಸರೆಲ್ಲ ಹೂವು ಹಿಡಿದು ಬಂದರು. ವೇದಗಳಿಗೆ ಎಲೆ ಹಾಕಿ ಕೋಸಂಬರಿ, ಪಾಯಸ ಬಡಿಸಿದರು. ವೇದಗಳು ಕೋಸಂಬರಿಯನ್ನು ಮೂಸಿ ಬಿಟ್ಟು ದೇವರ ಮನೆಯ ಕಡೆಗೇ ನೋಡುತ್ತ ಜೊಲ್ಲು ಸುರಿಸಿದವು. "ಎಂಥಾ ಭಕ್ತಿ!" ಎಂದು ಎಲ್ಲರೂ ಕೈಮುಗಿದರು.

ವಿಜಯದಶಮಿಯ ದಿನ ಪದ್ಮಮ್ಮನವರೇ ಜಟಕಾ ಹತ್ತಿ ಪಂದ್ಯಕ್ಕೆ ಹೊರಟರು. ಮಗನ ಹಿಂದೆ ದೈವವಿದ್ದ ಮೇಲೆ ಅದನ್ನು ಕಣ್ಣಾರೆ ನೋಡಬೇಡವೆ? ಅತ್ತೆಯ ಜೊತೆಗೆ ಸೊಸೆ. ಜಟಕಾದ ಹಿಂದೆ ವೇದಗಳು.

ಬಂಡೆಯ ಬುಡದಲ್ಲಿ ಬಿಸಿಲು ಸುಡುತ್ತಿತ್ತು. ಯೋಗನರಸಿಂಹ ಬಂದೂಕನ್ನು ಚೀಲದ ಮೇಲಿಟ್ಟ. ಅಬ್ಬಾ! ಮೇಜು ನರಳಿತು, ಆದರೆ ಬಂದೂಕು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೊದಲ ನಾಲ್ಕು ಗುಂಡೂ ಗುರಿಯ ಕರಿಬೊಟ್ಟಿನ ಒಳಗೇ ಬಿದ್ದವು. ಪಕ್ಕದ ಮೇಜಿನಲ್ಲಿದ್ದ ವೀರಭದ್ರಯ್ಯ ಬೆವರು ಒರೆಸಿಕೊಂಡ.

"ಏನ್ ಪ್ಲೀಡರೇ, ಇವತ್ತು ಕಪ್ಪು ಬಿಡಂಗೇ ಕಾಣಲ್ವಲ್ಲ!"

"ಸ್ಟಾಕು ವೀರಭದ್ರಯ್ಯನೋರೇ, ಸ್ಟಾಕು!"

ಇಬ್ಬರಿಗೂ ಉಳಿದದ್ದು ಒಂದೊಂದೇ ಗುಂಡು. ಅಷ್ಟರಲ್ಲಿ ಬಿಸಿಲಿಗೆ ಸ್ಟಾಕು ಬೆವರತೊಡಗಿತ್ತು. ಕೆನ್ನೆಗೆ ಏನೋ ಜಿಡ್ಡುಜಿಡ್ಡಾಗಿ ಹತ್ತಿದಂತಾಯಿತು. ಪಾಲಿಶ್ ಇರಬೇಕೆಂದುಕೊಂಡು ಅವನು ಉಸಿರು ಬಿಗಿಹಿಡಿದ. ಒಂದು ಕಣ್ಣು ಮುಚ್ಚಿದ. ಬೆರಳು ಕುದುರೆಯ ಮೇಲೆ ಮೆಲ್ಲನೆ ಬಿಗಿಯಿತು...

ಆ ಗಳಿಗೆಯಲ್ಲಿ ಋಗ್ವೇದವು ಮೇಜಿಗೆ ಮುಂಗಾಲು ಕೊಟ್ಟು, ಸ್ಟಾಕನ್ನೂ ಪ್ಲೀಡರ ಕೆನ್ನೆಯನ್ನೂ ಸೇರಿಸಿ ಒಮ್ಮೆಗೇ ನೆಕ್ಕಿತು!

"ಅಯ್ಯಯ್ಯೋ!" ಢಂ!

ಆ ಕೂಗಿಗೆ ಬೆಚ್ಚಿ ವೀರಭದ್ರಯ್ಯನ ಬಂದೂಕೂ ಹಾರಿತು. ಅವನ ಗುಂಡು ಬಂಡೆಗೆ ಬಡಿದು ಮಾಯವಾಯಿತು. ಯೋಗನರಸಿಂಹನ ಗುಂಡು ಹೋಗಿ ಬಿದ್ದದ್ದು ಪಕ್ಕದ ಗುರಿಗೆ, ನಟ್ಟನಡುವಿಗೆ. ಅದು ವೀರಭದ್ರಯ್ಯನ ಗುರಿ.

ತೀರ್ಪುಗಾರರು ರಿಟೈರಾದ ಸುಬೇದಾರರು. ಕಾಗದಗಳನ್ನು ತರಿಸಿ ತೂತು ಎಣಿಸಿದರು.

"ವೀರಭದ್ರಯ್ಯನೋರ್ದು ಲೆಕ್ಕ ಸರಿಯಾಗಿದೆ. ಕೊನೇದಂತೂ ಭೇಷ್! ಪ್ಲೀಡರೇ, ನಿಮ್ಮದೊಂದು ಗುಂಡು ಎಲ್ಲಿ?"

ಯೋಗನರಸಿಂಹ ಬಾಯಿ ತೆರೆದ. ಆ ಭೇಷ್ ತನ್ನದೆಂದರೆ, ಪಕ್ಕದವನ ಗುರಿಗೆ ಹೊಡೆದೆನೆಂದು ಹತ್ತೂರ ಜನರ ಮುಂದೆ ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿದ. ಕಪ್ಪು ಮತ್ತೆ ಗುಬ್ಬಿಗೇ ಹೋಯಿತು.

ತನ್ನ ಕೈಕೆಲಸ ನೋಡಲು ಅಡವಿಯಪ್ಪನೂ ಬಂದಿದ್ದ. ನಾಲ್ಕು ನಾಯಿಗಳೂ ಸ್ಟಾಕನ್ನು ಸುತ್ತಿಕೊಂಡು ನೆಕ್ಕುತ್ತಿದ್ದುದನ್ನು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

"ನಾಯಿಗ್ಳು ಬುಟ್ಟಾವಾ ಸ್ವಾಮಿ? ಕುಣಿಗಲ್ ಮಟನ್ ಅಂಗ್ಡಿ ಕೊರಡಲ್ವಾ ಅದು! ಇಷ್ಟು ವರ್ಷ ಕೊಬ್ಬು ಕುಡುದು ಕುಡುದೇ ಹಂಗೆ ಕಬ್ಬಿಣ ಆಗಿರೋದು!"

ಕೌಸಲ್ಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಯೋಗನರಸಿಂಹ ತಾಯಿಯ ಕಡೆ ನೋಡಲು ಧೈರ್ಯ ಸಾಲದೆ ಬಂಡೆಯ ಕಡೆ ನೋಡಿದ. ದೇವರ ಮನೆ, ಕುಂಕುಮ, ಮಂಗಳಾರತಿ, ಒಂದೊಂದಾಗಿ ಕಣ್ಣಮುಂದೆ ಬಂದವು. ಪದ್ಮಮ್ಮನವರು ನಿಧಾನವಾಗಿ ಜಟಕಾದಿಂದ ಇಳಿದು ಬಂದರು. ಸ್ಟಾಕನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ನಂಗೆ ಗೊತ್ತಿರ್ಲಿಲ್ಲಮ್ಮ" ಎಂದ ಪ್ಲೀಡರು, ಕಕ್ಷಿದಾರನ ದನಿಯಲ್ಲಿ. "ಪಾಪ, ಮರದ್ದೇನೂ ತಪ್ಪಿಲ್ಲ..."

"ಮರದ್ದೇನೋ ತಪ್ಪು? ಅದರ ಕೊಬ್ಬು ಸೀಗೇಪುಡಿ ಹಾಕಿ ತಿಕ್ಕಿದ್ರೆ ಹೋಗುತ್ತೆ" ಎಂದರು ಪದ್ಮಮ್ಮನವರು. "ನಿಂದು ಯಾವ ಪುಡಿ ಹಾಕಿ ತಿಕ್ಕಲಿ, ಅದನ್ನ ಹೇಳು!"