ಅಮೆರಿಕದ ಗಾಯಕಿಗೆ ಮಸ್ಕತ್ತಿನಲ್ಲೊಂದು ಸಂಜೆ

ಮೈಕ್ ಹಿಡಿಯುವವನ ಬಾಳಿನಲ್ಲಿ ಎಡವಟ್ಟುಗಳಿಗೆ ರಜೆ ಎಂಬುದಿಲ್ಲ. ವಾರದಲ್ಲಿ ಐದು ದಿನ ನಾನು ಮಸ್ಕತ್ತಿನ ರೂವಿಯ ಒಂದು ಆಫೀಸಿನಲ್ಲಿ ಫೈಲು ನೋಡುವವನು. ಅಲ್ಲಿ ತಪ್ಪಾದರೆ ತಿದ್ದಬಹುದು. ಶುಕ್ರವಾರ ಮಾತ್ರ ನಮ್ಮ ಊರವರ ಸಂಘದ ನಿರೂಪಕ. ಮೈಕಿನಲ್ಲಿ ಹೊರಟು ಹೋದ ಮಾತನ್ನು ಅಳಿಸುವ ರಬ್ಬರ್ ಇನ್ನೂ ಯಾವ ಅಂಗಡಿಗೂ ಬಂದಿಲ್ಲ. ಇಪ್ಪತ್ತು ವರ್ಷಗಳಲ್ಲಿ ನಾನು ಮದುಮಗನನ್ನು ಅವನ ಮಾವನ ಹೆಸರಿನಿಂದ ಕರೆದಿದ್ದೇನೆ, ಬಾರದೇ ಇದ್ದ ಮುಖ್ಯ ಅತಿಥಿಗೆ ಹೂಗುಚ್ಛ ಕೊಡಲು ಹೇಳಿದ್ದೇನೆ. ಕಳೆದ ಚಳಿಗಾಲದಲ್ಲಿ ಒಂದೇ ಒಂದು ಕಾರ್ಯಕ್ರಮದಲ್ಲಿ ಆದ ಫಜೀತಿಯ ಮುಂದೆ ಅವೆಲ್ಲ ಏನೂ ಅಲ್ಲ.

ಅದಕ್ಕೆ ಕಾರಣ ಬಾಯಮ್ಮ. ಕ್ರೈಸ್ತ ಹೆಂಗಸರನ್ನು ತುಳುವರು ಗೌರವದಿಂದ ಕರೆಯುವುದೇ ಹಾಗೆ. ಇವರು ಮಂಗಳೂರಿನವರು, ವಯಸ್ಸು ಎಪ್ಪತ್ತೆರಡು, ಹಮ್ರಿಯಾದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಒಂದು ದಿನ ನಮಗೆ ಸಾನ್ನ, ಅಂದರೆ ಅವರ ಕಡೆಯ ಮೆತ್ತನೆಯ ಇಡ್ಲಿ, ಕೊಡಲು ಬಂದವರು ಬಾಗಿಲಲ್ಲೇ ನಿಂತು ತಮ್ಮ ಕತೆ ಹೇಳಿದರು. ಐವತ್ತು, ಅರುವತ್ತರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಒಬ್ಬ ಗಾಯಕಿಯ ಹಾಡೆಂದರೆ ಚಿಕ್ಕಂದಿನಿಂದ ಅವರಿಗೆ ಜೀವವಂತೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇಗರ್ಜಿಯ ಸಭಾಭವನದಲ್ಲಿ ಆಕೆಯ ಹಾಡು ಹಾಡಲು ತಯಾರಾಗಿದ್ದರು. ಅಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಸ್ಟೇಜಿನಲ್ಲಿ ಹಾಡುವ ಸೊಸೆ ಬೇಡ ಎಂದರು ಗಂಡಿನ ಕಡೆಯವರು. ಅಲ್ಲಿಗೆ ಮುಗಿಯಿತು. ಆಮೇಲೆ ಹಾಡಿದ್ದೆಲ್ಲ ಅಡುಗೆಮನೆಯಲ್ಲಿ.

"ಒಂದು ಸಲ ಸ್ಟೇಜಿನಲ್ಲಿ ನಿಂತು ಹಾಡ್ಬೇಕಿತ್ತು ಮಾರಾಯ. ಇನ್ನೆಂತ, ಆಯಸ್ಸೇ ಮುಗೀತು" ಎಂದರು.

ಸಾನ್ನ ಇನ್ನೂ ಬಿಸಿಯಿತ್ತು, ನನ್ನ ಮನಸ್ಸೂ ಕರಗಿತು. "ಒಂದು ಹಾಡೆಂತಕ್ಕೆ ಬಾಯಮ್ಮ? ಒಂದಿಡೀ ಸಂಜೆಯೇ ಮಾಡುವ" ಎಂದುಬಿಟ್ಟೆ. ಹಾಲ್ ಸಿಕ್ಕಿದ್ದು ಅವರ ವೀಸಾ ಮುಗಿಯುವ ಮುಂಚಿನ ಕೊನೆಯ ಶುಕ್ರವಾರಕ್ಕೆ. ಅದರ ಮರುವಾರ ಮಂಗಳವಾರ ಅವರ ವಿಮಾನ. ಆ ಶುಕ್ರವಾರ ತಪ್ಪಿದರೆ ಬಾಯಮ್ಮನ ಪಾಲಿಗೆ ಸ್ಟೇಜು ಮತ್ತೆ ಬರುವಂತಿರಲಿಲ್ಲ.

೧. ಪಾಸ್‌ಪೋರ್ಟ್ ಕಾಪಿ

ಹಾಲ್ ನೋಡಿಕೊಳ್ಳುವ ಒಮಾನಿ ಮ್ಯಾನೇಜರರ ಎದುರು ಕೂತು ಫಾರ್ಮ್ ತುಂಬಿದೆ. ಕಲಾವಿದರ ಹೆಸರು ಎಂಬಲ್ಲಿ ಅಭಿಮಾನದಿಂದ ಅಮೆರಿಕದ ಗಾಯಕಿಯ ಹೆಸರು ಬರೆದೆ. ಅವರು ಓದಿ, ಕನ್ನಡಕ ತೆಗೆದು, ನಮ್ಮವರೊಂದಿಗೆ ಮಾತಾಡಿ ಮಾತಾಡಿ ಪಳಗಿದ ಹಿಂದಿಯಲ್ಲಿ ಕೇಳಿದರು: "ಇವರ ಪಾಸ್‌ಪೋರ್ಟ್ ಕಾಪಿ, ವೀಸಾ ಕಾಪಿ?"

"ಇಲ್ಲ ಸರ್, ಅವರು ಬರುವುದಿಲ್ಲ."

"ಮತ್ತೆ ಹಾಡುವುದು ಯಾರು?"

"ನಮ್ಮ ಮೇಲಿನ ಮನೆಯ ಬಾಯಮ್ಮ."

"ಅವರ ಹೆಸರು ಫಾರ್ಮಿನಲ್ಲಿ ಇಲ್ಲ. ಹೆಸರು ಇರುವವರು ಬರುವುದಿಲ್ಲ. ಬರುವವರ ಹೆಸರು ಇಲ್ಲ."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕಹ್ವಾ ಕಾಫಿ ಮತ್ತು ಖರ್ಜೂರ ಮುಂದೆ ಸರಿಸಿ, ಬೇರೆ ಫಾರ್ಮ್ ಕೊಟ್ಟರು. ನನಗೆ ಹೋದ ಉಸಿರು ಬಂದಂತಾಯಿತು. ಎದ್ದು ಹೊರಡುವಾಗ ಕೇಳಿದರು: "ಆ ಅಮೆರಿಕದವರ ಹೆಸರಿನಲ್ಲಿ ಸಂಜೆ ಮಾಡುತ್ತೀರಿ ಎಂದು ಅವರಿಗೆ ಗೊತ್ತೋ?"

"ಇಲ್ಲ."

ಅವರ ಮುಖ ಗಂಭೀರವಾಯಿತು. "ಹಾಗೆ ಮಾಡಬಾರದು. ಒಂದು ಕಾರ್ಡ್ ಕಳಿಸಿ. ಬಾರದಿದ್ದರೆ ತಪ್ಪು ಅವರದು. ಕರೆಯದಿದ್ದರೆ ತಪ್ಪು ನಿಮ್ಮದು. ಖಲಾಸ್."

೨. ಗಂಡಂದಿರ ಚೌಕಾಸಿ

ಹಾಡುಗಳ ನಡುವೆ ಗಾಯಕಿಯ ಜೀವನವನ್ನು ನಾನು ಕನ್ನಡದಲ್ಲಿ ಹೇಳಬೇಕಿತ್ತು. ನನಗೆ ಆಕೆಯ ಬಗ್ಗೆ ಗೊತ್ತಿದ್ದದ್ದು ಸೊನ್ನೆ. ಬಾಯಮ್ಮನೇ ನಾಲ್ಕು ಹಾಳೆ ಬರೆದುಕೊಟ್ಟರು. ಹತ್ತನೇ ವಯಸ್ಸಿಗೇ ರೇಡಿಯೋದಲ್ಲಿ ಹಾಡಿದ್ದು, ಇಪ್ಪತ್ತಕ್ಕೆ ಮನೆಮಾತಾದದ್ದು, ಮೂರು ಮದುವೆ, ಮೂರೂ ಮುರಿದದ್ದು, ಗಂಟಲು ಕೆಟ್ಟು ಹನ್ನೆರಡು ವರ್ಷ ವೇದಿಕೆ ಹತ್ತದೇ ಇದ್ದದ್ದು, ಐವತ್ತು ದಾಟಿದ ಮೇಲೆ ಮತ್ತೆ ಬಂದು ಹಾಡಿದ್ದು. ಹಾಳೆ ಅಲ್ಲಿಗೆ ಮುಗಿದಿತ್ತು.

ನಮ್ಮ ಸಂಘದ ಅಧ್ಯಕ್ಷರು ತಯಾರಿ ಸಭೆಯಲ್ಲಿ ಇದನ್ನು ಓದಿ ಬೆವರು ಒರೆಸಿಕೊಂಡರು. "ಫ್ಯಾಮಿಲಿ ಎಲ್ಲ ಬರುವ ಕಾರ್ಯಕ್ರಮ ಮಾರ್ರೆ. ಮೂರು ಮದುವೆ ಹೆಚ್ಚಾಯ್ತು. ಒಂದು ಮಾಡಿ."

"ನಡೆದದ್ದನ್ನು ನಾನು ಹೇಗೆ ಕಮ್ಮಿ ಮಾಡುವುದು?" ಎಂದೆ.

"ಸರಿ, ಎರಡಕ್ಕೆ ಮುಗಿಸುವ. ಮೊದಲನೆಯದ್ದನ್ನು ನಿಶ್ಚಿತಾರ್ಥ ಅಂತ ಹೇಳಿ."

ಸಭೆಯಲ್ಲಿ ಕೂತಿದ್ದ ಬಾಯಮ್ಮ ಎದ್ದು ನಿಂತರು. "ಒಬ್ಬ ಗಂಡನನ್ನು ಸುಧಾರಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು. ಆ ಹೆಂಗಸು ಮೂರು ಜನರನ್ನು ಸುಧಾರಿಸಿಕೊಂಡು ಹಾಡಿದ್ದಾಳೆ. ಒಬ್ಬನನ್ನು ಕಮ್ಮಿ ಮಾಡಿದ್ರೂ ಅವಳ ಸಾಧನೆ ಅಷ್ಟು ಕಮ್ಮಿ ಆಗ್ತದೆ."

ಹಿಂದಿನ ಸಾಲಿನಿಂದ ಅಧ್ಯಕ್ಷರ ಹೆಂಡತಿ ಚಪ್ಪಾಳೆ ತಟ್ಟಿ, "ಸರಿಯಾಗಿ ಹೇಳಿದ್ರಿ ಬಾಯಮ್ಮ, ಮೂರೂ ಇರ್ಲಿ" ಎಂದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಅಧ್ಯಕ್ಷರು ಮನೆಗೆ ಮರಳುವ ದಾರಿಯುದ್ದಕ್ಕೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅವಳು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಯಾಕೆ?"

೩. ಕಾರಿನಲ್ಲಿ ಸಂಗೀತ

ಬಾಯಮ್ಮನ ಮೊಮ್ಮಗಳಿಗೆ ಪರೀಕ್ಷೆ. ಮನೆಯಲ್ಲಿ ಅಭ್ಯಾಸ ಮಾಡುವಂತಿಲ್ಲ. ಹಾಗಾಗಿ ಸಂಜೆ ಐದಕ್ಕೆ ಪಾರ್ಕಿಂಗಿನಲ್ಲಿ ನನ್ನ ಕಾರೇ ಸಂಗೀತಶಾಲೆ. ಮುಂದಿನ ಸೀಟಿನಲ್ಲಿ ಬಾಯಮ್ಮ, ಹಿಂದೆ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ವಾದಿ ಕಬೀರ್ ಎಂಬಲ್ಲಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ವಾದಕ. ಗಾಜು ಮುಚ್ಚಿ ಏಸಿ ಹಾಕಿದರೆ ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ಕಾಣಿಸುತ್ತದೆ, ಅಷ್ಟೆ.

ಒಂದು ಸಂಜೆ ಬಾಯಮ್ಮ ವಿರಹದ ಹಾಡೊಂದರ ಮೇಲಿನ ಸ್ವರಕ್ಕೆ ಏರಿದ್ದರು. ಕಣ್ಣು ಮುಚ್ಚಿದೆ, ಬಾಯಿ ಪೂರ್ತಿ ತೆರೆದಿದೆ, ಬಲಗೈ ಎದೆ ಹಿಡಿದಿದೆ. ಥಟ್ಟನೆ ಬಾಗಿಲು ತೆರೆಯಿತು. ದಿಶ್‌ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ ಒಬ್ಬ ಒಮಾನಿ ಮಹಾಶಯರು ನೀರಿನ ಬಾಟಲಿ ಹಿಡಿದು ನಿಂತಿದ್ದಾರೆ. "ಯಲ್ಲಾ, ಬೇಗ ಬನ್ನಿ, ನನ್ನ ಗಾಡಿ ದೊಡ್ಡದು. ಅಮ್ಮನನ್ನು ಮಲಗಿಸಿ, ಹಾಸ್ಪಿಟಲಿಗೆ ಹೋಗುವ!"

"ಅವರು ಹಾಡುತ್ತಿದ್ದಾರೆ" ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ. "ಹೌದೇ? ಹಾಗಾದರೆ ಹಾಡಲಿ" ಎಂದರು. ಬಾಯಮ್ಮ ನೀರು ಕುಡಿದು ಇಡೀ ಹಾಡು ಹಾಡಿದರು. ಅವರು ಬಾಗಿಲಿಗೆ ಒರಗಿ ನಿಂತು, ತಲೆದೂಗುತ್ತಾ ಕೇಳಿದರು. ಮುಗಿದ ಮೇಲೆ ಕೈಯನ್ನು ಎದೆಯ ಮೇಲಿಟ್ಟು ಮೆಚ್ಚುಗೆ ಸೂಚಿಸಿದರು. ನಂತರ ನನ್ನನ್ನು ಸ್ವಲ್ಪ ದೂರಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಬಹಳ ಚೆನ್ನಾಗಿ ಹಾಡುತ್ತಾರೆ. ಯಾವುದಕ್ಕೂ ಒಮ್ಮೆ ಬಿಪಿ ನೋಡಿಸಿ."

೪. ಒಂದು ನಿಮಿಷ

ಶುಕ್ರವಾರ ಬಂತು. ಹಾಲ್ ತುಂಬಿತ್ತು, ದೂರದ ಸೀಬ್ ಪಟ್ಟಣದಿಂದಲೂ ಜನ ಬಂದಿದ್ದರು. ಬಾಯಮ್ಮ ಹೊಸ ನೀಲಿ ಸೀರೆಯುಟ್ಟು ಪರದೆಯ ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು.

ವೇದಿಕೆಯ ಅಲಂಕಾರ ಉಪಾಧ್ಯಕ್ಷರ ಜವಾಬ್ದಾರಿ. ಅವರು ಗಾಯಕಿಯ ದೊಡ್ಡ ಕಪ್ಪು ಬಿಳುಪು ಫೋಟೋ ಮಾಡಿಸಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಬೆಳಗಿನ ವಿಮಾನದಲ್ಲಿ ಬಂದ ಮಲ್ಲಿಗೆಯಲ್ಲಿ ಹಾರ ಕಟ್ಟಿಸಿ ಫೋಟೋಗೆ ಹಾಕಿದ್ದರು. ಮುಂದೆ ಒಂದು ದೀಪ, ಪಕ್ಕದಲ್ಲಿ ಊದುಬತ್ತಿ. ನಮ್ಮ ವೇದಿಕೆಯಲ್ಲಿ ಇದುವರೆಗೆ ಫೋಟೋ ಏರಿದವರೆಲ್ಲ ತೀರಿಕೊಂಡವರೇ. ಅವರ ಕೈಗೆ ಬೇರೆ ಅಲಂಕಾರ ಗೊತ್ತಿರಲಿಲ್ಲ.

ನನ್ನ ಬಾಯಿಗೂ ಗೊತ್ತಿರಲಿಲ್ಲ. ಮೈಕ್ ಹಿಡಿದು ತಿರುಗಿ ನೋಡುತ್ತೇನೆ, ಹಾರ, ದೀಪ, ಊದುಬತ್ತಿ. ಕೈಯಲ್ಲಿದ್ದ ಹಾಳೆಯಲ್ಲಿ ಸಾವಿನ ಸುದ್ದಿಯೇನೂ ಇರಲಿಲ್ಲ. ಇಪ್ಪತ್ತು ವರ್ಷಗಳ ಅಭ್ಯಾಸ ತಾನಾಗಿ ಮಾತಾಡಿತು: "ಅಗಲಿದ ಈ ಮಹಾನ್ ಚೇತನಕ್ಕೆ ಗೌರವ ಸಲ್ಲಿಸಲು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ."

ಇಡೀ ಹಾಲ್ ಎದ್ದು ತಲೆ ತಗ್ಗಿಸಿತು. ಆ ಮೌನದಲ್ಲಿ ಪರದೆಯ ಪಕ್ಕದಿಂದ ಬಿಕ್ಕುವ ಸದ್ದು ಕೇಳಿಸಿತು. ಓಡಿ ಹೋದೆ. ಬಾಯಮ್ಮ ಕುರ್ಚಿಯಲ್ಲಿ ಕುಸಿದಿದ್ದರು.

"ಯಾವಾಗ ಹೋದಳು ಮಾರಾಯ? ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಆಕೆ ಯಾವಾಗ ಹೋದರು ಎಂದು ನನಗೇನು ಗೊತ್ತು? ಕಪ್ಪು ಬಿಳುಪು ಫೋಟೋದವರು ಬದುಕಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮ್ಯಾನೇಜರರು ಹೇಳಿದ ಕಾರ್ಡನ್ನೂ ಅದಕ್ಕೇ ಕಳಿಸಿರಲಿಲ್ಲ. "ಅದು, ಬಾಯಮ್ಮ, ಸುಮಾರು ಸಮಯ ಆಯ್ತಲ್ಲ?" ಎಂದೆ.

"ಎಂತ ಸುಮಾರು ಸಮಯ? ಕ್ರಿಸ್ಮಸ್ಸಿಗೆ ಇದ್ದಳು! ತೊಂಬತ್ತು ದಾಟಿದ್ರೂ ಗಟ್ಟಿ ಇದ್ದಳು. ಇವತ್ತೇ ಆದದ್ದಾ?" ಅವರು ಕಣ್ಣೊರೆಸಿಕೊಂಡರು. "ನಾನಿನ್ನು ಹಾಡುವುದಿಲ್ಲ. ಹೆಣ ಇನ್ನೂ ಮಣ್ಣಿಗೆ ಹೋಗಿಲ್ಲ, ಆಗಲೇ ಅವಳ ಪ್ರೇಮದ ಹಾಡು ಹಾಡ್ಲಾ? ನನ್ನಿಂದಾಗುವುದಿಲ್ಲ."

ಐವತ್ತಕ್ಕೂ ಹೆಚ್ಚು ವರ್ಷ ಕಾದ ಹೆಂಗಸು. ಆಗ ಅಡ್ಡ ಬಂದದ್ದು ಗಂಡಿನ ಕಡೆಯವರು, ಈಗ ಅಡ್ಡ ಬಂದದ್ದು ನನ್ನ ನಾಲಿಗೆ. ಮಂಗಳವಾರ ಅವರು ಹೊರಡುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲೇ ಕೂತು ಅತ್ತುಬಿಡಬೇಕು ಎನಿಸಿತು.

ಅಷ್ಟರಲ್ಲಿ ಮೊಮ್ಮಗಳು ಮೊಬೈಲ್ ಒತ್ತುತ್ತಾ ಬಂದಳು. "ಗ್ರ್ಯಾನಿ, ಶಿ ಈಸ್ ಅಲೈವ್! ನಿನ್ನೆ ಫೋಟೋ ಹಾಕಿದ್ದಾರೆ. ಲುಕ್, ನಾಯಿಮರಿ ಜೊತೆ."

ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಬೆಳ್ಳಿಕೂದಲಿನ ಮುದುಕಿ, ಮಡಿಲಲ್ಲಿ ನಾಯಿಮರಿ, ಮುಖದ ತುಂಬ ನಗು. ಮೊಮ್ಮಗಳು ಇಂದಿನ ಸುದ್ದಿಗಳನ್ನೂ ಜಾಲಾಡಿದಳು. ಸಾವಿನ ಸುದ್ದಿ ಎಲ್ಲೂ ಇಲ್ಲ. ನನ್ನ ಎದೆಯ ಮೇಲಿಂದ ಯಾರೋ ಅಕ್ಕಿಮೂಟೆ ಇಳಿಸಿದಂತಾಯಿತು. ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ದೇವರಿಗೆ ಸ್ತೋತ್ರ ಹೇಳಿದರು. ಆಮೇಲೆ ನನ್ನ ಬೆನ್ನಿಗೆ ಒಂದು ಬಾರಿಸಿದರು.

ಹಾಲಿನಲ್ಲಿ ಜನ ಇನ್ನೂ ನಿಂತೇ ಇದ್ದರು. ನಿಮಿಷ ಮುಗಿಯಿತೆಂದು ಹೇಳುವವನೇ ಅಲ್ಲಿರಲಿಲ್ಲವಲ್ಲ! ನಾನು ಮೈಕಿಗೆ ಓಡಿದೆ. "ಬಂಧುಗಳೇ, ದಯವಿಟ್ಟು ಕುಳಿತುಕೊಳ್ಳಿ. ಗಾಯಕಿ ಬದುಕಿದ್ದಾರೆ." ಒಬ್ಬರು ಬದುಕಿದ್ದಾರೆ ಎಂದು ನಾನು ಮೈಕಿನಲ್ಲಿ ಘೋಷಿಸಿದ್ದು ಅದೇ ಮೊದಲು. ಆಗ ಎದ್ದ ಚಪ್ಪಾಳೆ ಗಾಯಕಿಯ ಒಳ್ಳೆಯ ಕಾಲದಲ್ಲೂ ಆಕೆಗೆ ಬಿದ್ದಿರಲಿಕ್ಕಿಲ್ಲ.

ಈಗ ಹಾರದ ಪ್ರಶ್ನೆ. ಅದನ್ನು ತೆಗೆಯಲು ಯಾರಿಗೂ ಧೈರ್ಯವಿಲ್ಲ. "ಹಾಕಿದ ಹಾರ ತೆಗೆಯುವ ಕ್ರಮ ನನಗೆ ಗೊತ್ತಿಲ್ಲ" ಎಂದು ಉಪಾಧ್ಯಕ್ಷರು ಹಿಂದೆ ಸರಿದರು. ಬಾಯಮ್ಮ ಸೀದಾ ವೇದಿಕೆ ಹತ್ತಿದರು. ದೀಪ, ಊದುಬತ್ತಿ ಎರಡನ್ನೂ ಪಕ್ಕಕ್ಕೆ ಸರಿಸಿದರು. ಹಾರ ತೆಗೆದು, ಒಂದು ಮೊಳ ಹರಿದು, ತಮ್ಮ ಮುಡಿಗೆ ಸಿಕ್ಕಿಸಿಕೊಂಡರು.

"ಅಯ್ಯೋ ಬಾಯಮ್ಮ, ಅದು ಸತ್ತವರಿಗೆ ಹಾಕಿದ ಮಲ್ಲಿಗೆ!" ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು.

"ಸತ್ತದ್ದು ಯಾರು?" ಎಂದು ಬಾಯಮ್ಮ ಮೈಕಿನಲ್ಲೇ ಕೇಳಿದರು. ಅವರು ವಾದಕನಿಗೆ ಸನ್ನೆ ಮಾಡಿ ಹಾಡತೊಡಗಿದರು.

ಒಂಬತ್ತು ಹಾಡು ಹಾಡಿದರು. ಎರಡನೆಯದರಲ್ಲಿ ಸ್ವರ ಸ್ವಲ್ಪ ನಡುಗಿತು, ಆಮೇಲೆ ಹಿಂತಿರುಗಿ ನೋಡಲಿಲ್ಲ. ನಾನು ಪರದೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿದೆ. ಇಷ್ಟು ಹಗುರವಾಗಿ ನಾನು ಯಾವ ಕಾರ್ಯಕ್ರಮದಲ್ಲೂ ನಿಂತಿರಲಿಲ್ಲ.

ಮಂಗಳವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ನಾನೂ ಹೋಗಿದ್ದೆ. ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡರು.

"ನೀನು ನನ್ನ ದೊಡ್ಡ ಆಸೆ ತೀರಿಸಿದೆ ಮಾರಾಯ, ದೇವರು ನಿನ್ನನ್ನು ಚೆನ್ನಾಗಿಡ್ಲಿ. ಆದ್ರೆ ಒಂದು ಮಾತು. ನಾಳೆ ನೀವೆಲ್ಲ ಸೇರಿ ನನ್ನ ಫೋಟೋ ಇಟ್ಟು ಹಾರ ಹಾಕುವ ಮೊದಲು ನನಗೊಂದು ಫೋನ್ ಮಾಡು. ನಾನು ಎತ್ತದಿದ್ರೆ ಮಾತ್ರ ಹಾಕು."