ರೋಸೇರನ ಮಾದರಿ ಮನೆ

ರೋಸೇರನಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಕಣ್ರೀ. ಅವನಿಗೆ ಅದು ತಾನಾಗೇ ಬಂದುಬಿಡುತ್ತೆ. ಬಂದಾಗೆಲ್ಲ ನಮ್ಮ ಬೀದೀಲಿ ಒಬ್ಬರಿಗಾದ್ರೂ ನೆಗಡಿ ಗ್ಯಾರಂಟಿ.

ಮನುಷ್ಯ ಒಳ್ಳೇವನೇ, ಇಲ್ಲ ಅನ್ನಲ್ಲ. ಸಾಗ್ನೆ ನದಿ ದಂಡೆ ಮೇಲಿನ ಕಾಗದದ ಕಾರ್ಖಾನೇಲಿ ಮೂವತ್ತೆರಡು ವರ್ಷ ಸೈರನ್ ಊದಿದವನು. ಅವನು ಊದಿದ್ರೆ ಊರಿಗೆ ಬೆಳಗು, ಊದಿದ್ರೆ ಮಧ್ಯಾಹ್ನದ ಸೂಪು. ನಮ್ಮೂರಲ್ಲಿ ಯಾರ ಕೈಗೂ ಗಡಿಯಾರ ಇರಲಿಲ್ಲ, ಬೇಕಾಗೇ ಇರಲಿಲ್ಲ. ಕೆಲಸ ಬಿಡುವಾಗ ಕಾರ್ಖಾನೆಯೋರು ಅವನಿಗೆ ಒಂದು ಕೈಗಡಿಯಾರ ಕೊಟ್ರು. "ಊರಿಗೇ ಗಂಟೆ ಹೇಳಿದೋನು ನಾನು, ನನಗ್ಯಾಕೆ ಇದು?" ಅಂತ ಅದನ್ನ ಭಾವಮೈದನಿಗೆ ದಾನ ಮಾಡಿಬಿಟ್ಟ. ಅವನಿಗೆ ಬೇಕಿದ್ದದ್ದು ಹಿತ್ತಾಳೆ ಫಲಕ. ಸೈರನ್ ಕಂಬದ ಕೆಳಗೆ ತನ್ನ ಹೆಸರು ಕೆತ್ತಿಸ್ತಾರೆ ಅಂತ ಆಸೆಪಟ್ಟಿದ್ದ, ಪಾಪ. ಕೆತ್ತಿಸಲಿಲ್ಲ. ಆ ಕೊರಗು ಹೊಟ್ಟೇಲಿ ಹಾಗೇ ಉಳೀತು.

ಆ ವರ್ಷದ ಜನವರಿ ಅಂದ್ರೆ, ಅಯ್ಯಯ್ಯೋ! ಸೊನ್ನೆಗಿಂತ ನಲವತ್ತೊಂದು ಡಿಗ್ರಿ ಕೆಳಗೆ. ಬಿಯರ್ ಹೆಪ್ಪುಗಟ್ಟಬಾರದು ಅಂತ ಜನ ಅದನ್ನ ಫ್ರಿಜ್ಜಲ್ಲಿ ಬೆಚ್ಚಗೆ ಇಡ್ತಿದ್ರು. ಊರಿಗೆ ಊರೇ ಕರೆಂಟಿನ ಹೀಟರು ಉರಿಸೋದು, ಕರೆಂಟು ಎಲ್ಲಿಂದ ಬರಬೇಕು? ಕಾರ್ಖಾನೇನೂ ಮುಚ್ಚಿಸಿದ್ರು. (ಅದರ ಜೊತೆಗೆ ಸೈರನ್ನೂ ಬಂದ್. ಇದೊಂದನ್ನ ನೆನಪಲ್ಲಿಟ್ಕೊಳಿ.) ಗುರುವಾರದಿಂದ ಬೆಳಿಗ್ಗೆ ಆರರಿಂದ ಒಂಬತ್ತು, ಸಾಯಂಕಾಲ ನಾಲ್ಕರಿಂದ ಎಂಟು, ಆದಷ್ಟು ಕಮ್ಮಿ ಉರಿಸಿ ಅಂತ ಪುರಸಭೆ ಸಾರಿತು. ಎಲ್ಲರಿಗಿಂತ ಕಮ್ಮಿ ಉರಿಸಿದ ಮನೆ ಬಾಗಿಲಿಗೆ 'ಮಾದರಿ ಮನೆ' ಅಂತ ಫಲಕ. ಹಿತ್ತಾಳೇದು!

ರೋಸೇರನ ಕಿವಿ ನೆಟ್ಟಗಾಯ್ತು. ಮನೆಮನೆಗೂ ಹೋಗಿ ಉಪದೇಶ ಶುರು. ಒಬ್ಬಳ ಇಸ್ತ್ರಿಪೆಟ್ಟಿಗೆ ಕಿತ್ಕೊಂಡ, ಇನ್ನೊಬ್ಬನ ಕಾರಿಗೆ ಇಂಜಿನ್ನು ಹೆಪ್ಪುಗಟ್ಟದಿರಲಿ ಅಂತ ರಾತ್ರಿ ಚುಚ್ಚಿಡೋ ವೈರು ಕಿತ್ತ. ನಾಲ್ಕು ಮನೆ ಆಚೆ ಇದ್ದ ಅತ್ತೆ ಎಕ್ಸಿಲ್ದಾಳನ್ನೂ ಬಿಡಲಿಲ್ಲ. "ಅತ್ತೆ, ಆ ಸೌದೆ ಒಲೆ ಎಸೀರಿ, ನಾಚಿಕೆಗೇಡು" ಅಂದ. ಪುರಸಭೆಯ ಒವಿಲಾನಿಗಂತೂ, "ಗುರುವಾರ ಸಾಯಂಕಾಲ ಆರಕ್ಕೆ ಫಲಕ, ಮೊಳೆ ಎರಡೂ ತಗೊಂಡೇ ಬಾ. ನನ್ನ ಮನೇಲಿ ಒಂದು ಹನಿ ಕರೆಂಟು ಕಂಡ್ರೆ ಕೇಳು!" ಅಂತ ಸವಾಲು ಹಾಕಿದ.

ಗುರುವಾರಾನೇ ಎಕ್ಸಿಲ್ದಾಗೆ ತೊಂಬತ್ತೊಂದು ತುಂಬೋದು. ಸಾಯಂಕಾಲ ಐದಕ್ಕೆ ಮಗಳು ಗೀಲೇನ್ ಮನೇಲಿ, ಅಂದ್ರೆ ನಮ್ಮ ರೋಸೇರನ ಮನೇಲೇ, ಊಟ. ಹುಟ್ಟುಹಬ್ಬಕ್ಕೆ ತೂರ್ತಿಯೇರ್ ಇಲ್ಲದಿದ್ರೆ ಮುದುಕಿ ಮುಂದಿನ ಹುಟ್ಟುಹಬ್ಬದವರೆಗೂ ಮಾತಾಡಲ್ಲ. ಮಾಂಸ, ಆಲೂಗಡ್ಡೆ ಚೂರು ಮಾಡಿ ಹಿಟ್ಟಿನ ಹೊದಿಕೆ ಹಾಕಿ ಓವನ್ನಿಗಿಟ್ರೆ ಆರು ತಾಸು ಬೇಯಬೇಕು. (ಆಲೂಗಡ್ಡೆ ತೀರಾ ಸಣ್ಣಗೆ ಹೆಚ್ಚಬಾರದು, ಮುದ್ದೆಯಾಗುತ್ತೆ. ಗೀಲೇನ್ ಪ್ರತಿಸಲ ಸಣ್ಣಗೇ ಹೆಚ್ಚೋದು. ಇರಲಿ ಬಿಡಿ.)

"ರೀ, ನಿಮ್ಮ ಫಲಕಕ್ಕೋಸ್ಕರ ನಮ್ಮಮ್ಮ ಹಸಿ ಮಾಂಸ ತಿನ್ನಬೇಕಾ?" ಅಂದ್ಲು ಗೀಲೇನ್.

"ಒಂಬತ್ತಕ್ಕೆ ಇಡು, ಮೂರಕ್ಕೆ ತೆಗಿ. ನಾಲ್ಕಕ್ಕೆ ಮುಂಚೆ ಎಲ್ಲಾ ಮುಗೀತು. ತಲೆ ಉಪಯೋಗಿಸಬೇಕು ಕಣೇ."

ಬುಧವಾರ ರಾತ್ರಿಯಿಂದಾನೇ ಹೀಟರು ಇಳಿಸಿದ. ಕಿಟಕಿಗೆಲ್ಲ ರಜಾಯಿ ಜಡಿದು ಮೊಳೆ ಹೊಡೆದ, ಸೂಜಿಯಷ್ಟು ಬೆಳಕೂ ಒಳಗೆ ಬರದ ಹಾಗೆ. ಗಂಡ ಹೆಂಡ್ತಿ ರಾತ್ರಿ ಪೂರ್ತಿ ಹಲ್ಲು ಕಟಕಟ ಅನ್ನಿಸ್ತಾ ಎದ್ದೇ ಇದ್ರು. ಬೆಳಿಗ್ಗೆ ಅಡುಗೆಮನೆಯ ಕರೆಂಟಿನ ಒಲೆಗೆ ಕೂರಿಸಿದ ಗಡಿಯಾರ ಆರು ತೋರಿಸಿದ್ದೇ ತಡ, ಇವನು ನೆಲಮಾಳಿಗೆಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟ. ಮೊಟ್ಟೆ ಬೇಯಿಸುವಾಗ ತಿರುಗಿಸಿಡೋ ಕೀಲಿ ಗಂಟೆಯೊಂದು ಇರುತ್ತಲ್ಲ, ತಾಸಿಗೊಮ್ಮೆ ಟಿಣ್ ಅನ್ನೋದು, ಅದನ್ನ ಮಡಿಲಲ್ಲಿಟ್ಕೊಂಡು ಮೆಟ್ಟಿಲ ಮೇಲೇ ಕೂತ. ಮೂರು ಟಿಣ್ ಆಯ್ತು. ಸ್ವಿಚ್ ಏರಿಸಿ, ಕತ್ತಲಲ್ಲೇ ತಡಕಾಡ್ಕೊಂಡು ಬಂದು ಹಾಸಿಗೆಗೆ ಬಿದ್ದ.

"ಮನೆ ಬೆಚ್ಚಗಾಗೋವರೆಗೆ ಐದು ನಿಮಿಷ ಕಣೇ."

ಐದು ನಿಮಿಷ! ಹೀಟರು ಬೆಚ್ಚಗಾಯ್ತು, ಇಬ್ಬರೂ ಗೊರ್‍ರ್ ಅಂತ ನಿದ್ದೆ. ಎದ್ದು ನೋಡಿದ್ರೆ ಒಲೆ ಗಡಿಯಾರದಲ್ಲಿ ಹತ್ತು.

"ಒಂದು ತಾಸು ಜಾಸ್ತಿ ಮಲಗಿಬಿಟ್ವಲ್ರೀ!" ಅಂತ ಗೀಲೇನ್ ಓಡಿ ತೂರ್ತಿಯೇರನ್ನ ಓವನ್ನಿಗೆ ತುರುಕಿದ್ಲು. ಪರವಾಗಿಲ್ಲ, ಹತ್ತಕ್ಕೆ ಆರು ಸೇರಿಸಿದ್ರೆ ಸರಿಯಾಗಿ ನಾಲ್ಕು. ಲೆಕ್ಕ ಕೂಡಿತು.

ಗಡಿಯಾರದಲ್ಲಿ ಎರಡಾಗಿತ್ತು, ಬಾಗಿಲು ದಬದಬ. ತೆಗೆದ್ರೆ ಎಕ್ಸಿಲ್ದಾ! ಸತ್ತ ಗಂಡನ ತುಪ್ಪಳದ ಕೋಟು, ಕೈಲಿ ಕೋಲು, ರೆಪ್ಪೆ ತುಂಬ ಹಿಮ.

"ಬನ್ನಿ ಅತ್ತೆ, ಬಾಗಿಲು ಹಾಕಿ, ಶಾಖ ಹೋಗುತ್ತೆ! ಊಟ ಐದಕ್ಕೆ ಅಂದಿದ್ವಿ. ಎರಡಕ್ಕೇ ಬಂದ್ರಲ್ಲ?"

"ಐದೇ ಆಗಿರೋದು ಅಳಿಯಂದಿರೇ." ಮುದುಕಿ ಕೋಟಿನೊಳಗಿಂದ ಗಂಡನ ಸರಪಳಿ ಗಡಿಯಾರ ಎಳೆದು ತೋರಿಸಿದ್ಲು.

"ಚಳಿಗೆ ಕೆಟ್ಟಿರಬೇಕು ಅತ್ತೆ."

"ಹೊರಗೆ ಕತ್ತಲೆಯಾಗಿದೆ ಕಣಪ್ಪಾ."

"ಹಿಮದ ಮೋಡ ಕವಿದಿದೆ ಅಷ್ಟೆ."

"ನಕ್ಷತ್ರ ಕಾಣ್ತಿದ್ವಲ್ಲೋ!"

ರೋಸೇರ್ ಹೆಂಡ್ತಿ ಕಿವೀಲಿ ಪಿಸುಗುಟ್ಟಿದ. "ಪಾಪ, ತೊಂಬತ್ತೊಂದು. ಕಣ್ಣ ಮುಂದೆ ಚುಕ್ಕಿ ಕಾಣೋ ವಯಸ್ಸು."

ಗೀಲೇನ್ ಅಮ್ಮನ ಹಣೆ ಮುಟ್ಟಿ ನೋಡಿ ಒಂದು ಹನಿ ಕಣ್ಣೀರನ್ನೂ ಹಾಕಿದ್ಲು. ಎಕ್ಸಿಲ್ದಾ ಕೋಟು ಬಿಚ್ಚದೆ ಕುರ್ಚೀಲಿ ಕೂತು ಗಡಿಯಾರಾನ ಕಿವಿಗಿಟ್ಕೊಂಡ್ಲು.

ಈಗ ರೋಸೇರನಿಗೆ ಇನ್ನೊಂದು ಬುದ್ಧಿ ಬಂತು ನೋಡಿ. ನಾಲ್ಕರಿಂದ ಎಂಟು ಉಪವಾಸ ತಾನೆ? ಅಷ್ಟರೊಳಗೆ ಮನೆ ಹೊಟ್ಟೆತುಂಬ ಶಾಖ ಉಣ್ಣಲಿ! ಎಂಟು ಹೀಟರನ್ನೂ ತುದಿಗೆ ತಿರುಗಿಸಿದ. ಅತ್ತೆಗೆ ಹೊದಿಸೋಕೆ ಅಂತ ಬಟ್ಟೆ ಒಣಗಿಸೋ ಯಂತ್ರಕ್ಕೆ ಕಂಬಳಿ ತುಂಬಿದ. ಸ್ನಾನದ ನೀರು ಕಾಯಿಸಿದ. ಕಾರಿನ ವೈರು ಚುಚ್ಚಿದ. ಕಿತ್ಕೊಂಡು ತಂದಿದ್ದ ಇಸ್ತ್ರಿಪೆಟ್ಟಿಗೇಲಿ ಫಲಕ ಹಿಡ್ಕೊಂಡು ನಿಲ್ಲೋಕೆ ತನ್ನ ಶರ್ಟಿಗೂ ಇಸ್ತ್ರಿ ಹಾಕಿದ. ಬಟ್ಟೆ ಯಂತ್ರ ಗುಡುಗುಡು, ಓವನ್ನು ಬುಸುಬುಸು. ಮುದುಕಿಗೆ ಬೆವರು ಬಂದು ಕೊನೆಗೆ ಕೋಟು ಬಿಚ್ಚಿದ್ಲು.

"ಮಾದರಿ ಮನೆ ಅಂದ್ರೆ ಹೀಗಿರ್ಬೇಕು ಅತ್ತೆ!"

ಅಷ್ಟರಲ್ಲಿ ಬೀದಿ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು 'ಢಂ' ಅಂತು. ಮನೆ ಗವ್ವಂತ ಕತ್ತಲೆ.

ಮತ್ತೆ ಬಾಗಿಲು ದಬದಬ. ಒವಿಲಾ, ಒಂದು ಕೈಲಿ ಟಾರ್ಚು, ಕಂಕುಳಲ್ಲಿ ಫಲಕ. ಅವನ ಹಿಂದೆ ಕಂಬಳಿ ಹೊದ್ದ ಅರ್ಧ ಬೀದಿ.

"ರೋಸೇರ್, ಊರೆಲ್ಲ ಒಂದೊಂದು ದೀಪ ಹಚ್ಕೊಂಡು ಕೂತಿದೆ, ನಿನ್ನ ಮನೆ ಮೀಟರಿನ ಚಕ್ರ ಬುಗುರಿ ಥರ ತಿರುಗ್ತಿತ್ತಲ್ಲಯ್ಯಾ!"

"ತಿರುಗಲಿ ಬಿಡು! ನಾಲ್ಕಾಗೋಕೆ ಇನ್ನೂ ಒಂದು ತಾಸಿದೆ. ಆರಕ್ಕೆ ಬಾ ಅಂದ್ರೆ ಮೂರಕ್ಕೇ ಬಂದಿದೀಯಲ್ಲ, ನೀನೂ ನಮ್ಮತ್ತೆ ಥರಾನೇ!"

"ಮೂರಾ? ಆರಾಗಿದೆ. ನಿನ್ನ ತಲೆ ಮೇಲೆ ನಕ್ಷತ್ರ ಇದೆ, ನೋಡು."

ರೋಸೇರ್ ಕತ್ತೆತ್ತಿ ನೋಡಿದ. ಇತ್ತು. ತುಂಬಾನೇ ಇತ್ತು.

ಗೀಲೇನ್ ಟಾರ್ಚು ಕಿತ್ಕೊಂಡು ಒಲೆ ಗಡಿಯಾರದ ಮೇಲೆ ಬಿಟ್ಲು. ಮುಳ್ಳು ಮೂರಕ್ಕೆ ನಿಂತಿತ್ತು. ಒಂದು ಕ್ಷಣ ನೋಡಿದ್ಲು. ಆಮೇಲೆ ಸೊಂಟಕ್ಕೆ ಕೈ ಬಂತು.

"ರೀ, ಬೆಳಿಗ್ಗೆ ಮೂರು ತಾಸು ಮೇನ್ ಸ್ವಿಚ್ ಇಳಿಸಿದ್ರಲ್ಲ, ಆಗ ಈ ಗಡಿಯಾರಕ್ಕೆ ಕರೆಂಟು ಯಾರು ಕೊಟ್ರು? ನಿಮ್ಮಪ್ಪನಾ?"

ಮೂವತ್ತೆರಡು ವರ್ಷ ಊರಿಗೆ ಗಂಟೆ ಹೇಳಿದ ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು.

ಎಕ್ಸಿಲ್ದಾ ಎದ್ದು ಕೋಟು ಹಾಕ್ಕೊಂಡ್ಲು. "ಐದು ತಾಸು ಬೆಂದಿದೆ, ಇನ್ನೊಂದು ಬೇಕು. ಆ ಪಾತ್ರೆ ರಜಾಯೀಲಿ ಸುತ್ತಿ ಎತ್ಕೊಳಿ ಅಳಿಯಂದಿರೇ. ನನ್ನ ನಾಚಿಕೆಗೇಡಿ ಒಲೆ ಉರೀತಾ ಇದೆ. ನೀವೂ ಬನ್ರೋ ಎಲ್ಲಾ, ಸಾಯ್ತೀರ ಚಳೀಲಿ."

ಹಿಮದಲ್ಲಿ ಮೆರವಣಿಗೆ ಹೊರಟಿತು. ಮುಂದೆ ಕೋಲೂರಿಕೊಂಡು ಮುದುಕಿ, ಹಿಂದೆ ಮಗು ಹೊತ್ತ ಹಾಗೆ ಪಾತ್ರೆ ಹೊತ್ತ ರೋಸೇರ್, ಅವನ ಹಿಂದೆ ಅವನಿಗೆ ಬೈಕೊಂಡು ಬೀದಿ. ಒಲೆ ಸುತ್ತ ಇಪ್ಪತ್ತಮೂರು ಜನ ಕೂತು ತಿಂದ್ವಿ. (ಆಲೂಗಡ್ಡೆ ಮುದ್ದೆಯಾಗಿತ್ತು. ನಾನು ಹೇಳಲಿಲ್ವಾ?)

ತಿಂದು ಕೈ ಒರೆಸ್ಕೊಂಡು ಒವಿಲಾ ಮುದುಕಿಯ ಮೀಟರು ನೋಡಿ ಬಂದ. ಇಡೀ ಚಳಿಗಾಲಕ್ಕೆ ಒಂದೇ ಬಲ್ಬು. ಅವನು ಕಂಕುಳಿಂದ ಫಲಕ ತೆಗೆದ. ಆದರೆ ಅವನಿಗೆ ಸೊಂಟನೋವು, ಬಾಗಿಲಿಗೆ ಮೊಳೆ ಹೊಡೆಯೋರು ಯಾರು? ಎಲ್ಲರೂ ರೋಸೇರನ ಕಡೆ ತಿರುಗಿದ್ರು.

ಆ ಹಿತ್ತಾಳೇನ ಅಂಗೈಯಲ್ಲಿ ಒಂದು ಸಲ ಸವರಿದ, ಪಾಪ. ಆಮೇಲೆ ಮೊಳೆ ಬಾಯಲ್ಲಿ ಕಚ್ಕೊಂಡು, ಅತ್ತೆ ಬಾಗಿಲಿಗೆ ಸುತ್ತಿಗೆ ಎತ್ತಿದ. ಮುದುಕಿ ಪಕ್ಕದಲ್ಲೇ ಬಂದು ನಿಂತ್ಲು, ಸರಪಳಿ ಗಡಿಯಾರಾನ ಕೋಟಿನೊಳಕ್ಕೆ ಭದ್ರವಾಗಿ ಇಳಿಬಿಟ್ಲು, ಕೋಟಿನ ಗುಂಡಿಯನ್ನೂ ಹಾಕಿದ್ಲು.

"ಅಳಿಯಂದಿರೇ, ಎಷ್ಟು ಗಂಟೆಯಾಯ್ತು ನೋಡಿ ಹೇಳ್ತೀರಾ?"

ಪುಣ್ಯಕ್ಕೆ ರೋಸೇರನ ಬಾಯಲ್ಲಿ ಇನ್ನೂ ಒಂದು ಮೊಳೆ ಇತ್ತು.